ಗಂಟು ಹಾಕದ ಹೊದಿಕೆ

ಶೈಲಶ್ರೀಯ ಕೈಯಲ್ಲಿ ಕ್ರೋಶಾ ಕಡ್ಡಿ ಕಂಡಾಗಲೆಲ್ಲ ಸಂಡೂರು ರಸ್ತೆಯ ಆ ಓಣಿಯಲ್ಲಿ ಯಾರಾದರೊಬ್ಬರು ನಗುತ್ತಿದ್ದರು. ಹೊಸಪೇಟೆಯ ಬೇಸಿಗೆಯಲ್ಲಿ ಕಬ್ಬಿಣದ ಗೇಟನ್ನು ಬರಿಗೈಯಲ್ಲಿ ಮುಟ್ಟಲಾಗುವುದಿಲ್ಲ. ಅಂಥ ಊರಲ್ಲಿ ಉಲ್ಲನ್ ಹೊದಿಕೆ ಹೆಣೆಯುತ್ತ ಕೂತ ಹುಡುಗಿಯನ್ನು ನೋಡಿದರೆ ನಗು ಬರದೆ ಇನ್ನೇನು? "ಕಾಶ್ಮೀರಕ್ಕೇನರ ಕೊಡೋರು ಅದಾರೇನ್ ತಂಗಿ ನಿನ್ನ?" ಎಂದು ಪಕ್ಕದ ಮನೆಯ ಕರೆಮ್ಮ ಕಾಂಪೌಂಡಿನ ಆಚೆಯಿಂದ ಕೇಳುತ್ತಿದ್ದಳು. ಶೈಲಶ್ರೀ ಇನ್ನೊಂದು ಕುಣಿಕೆ ಎಳೆಯುತ್ತಿದ್ದಳು. ಬಿ.ಎ. ಮುಗಿಸಿದರೂ ನಾಲ್ಕು ಜನರೆದುರು ಅವಳ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಬಳ್ಳಾರಿಯ ಹಾಸ್ಟೆಲ್ಲಿನಿಂದ ಅವಳು ಹೊತ್ತು ತಂದದ್ದು ಒಂದು ಡಿಗ್ರಿ, ಒಂದು ಕ್ರೋಶಾ ಕಡ್ಡಿ. ಎರಡರಲ್ಲಿ ಕಡ್ಡಿಯೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ಅದಿರಿನ ದುಡ್ಡು ಬಂತು. ಅಣ್ಣ ಮಲ್ಲೇಶ್ ಒಂದು ಲಾರಿ ತಂದ, ಅದರ ಬೆನ್ನಿಗೇ ಇನ್ನೊಂದು ತಂದ, ಆಮೇಲೆ ಮನೆಗೆ ಏಸಿ ಹಾಕಿಸಿದ. ಅದರ ತಂಪು ಕಡಿಮೆ ಮಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕೊಟ್ರಯ್ಯ ಏಪ್ರಿಲ್ ತಿಂಗಳಲ್ಲಿ ಗಡಗಡ ನಡುಗುತ್ತ ಎದ್ದು ಕೂತು, "ಯಾರರ ಏನರ ಹೊಚ್ರೆಪ್ಪಾ" ಎಂದರು. ಓಣಿಯಲ್ಲಿ ಒಂದೊಂದೇ ಮನೆಗೆ ಏಸಿ ಬಂದ ಹಾಗೆ ಶೈಲಶ್ರೀಯನ್ನು ನೋಡಿ ನಗುವವರು ಕಡಿಮೆಯಾದರು, ಕೇಳುವವರು ಹೆಚ್ಚಾದರು.

ಅಪ್ಪನಿಗೆ ಕಂದು ಬಣ್ಣದ್ದು ಮಾಡಿದಳು. ಅವ್ವ ಚೆನ್ನಬಸಮ್ಮನಿಗೆ ಎಳೆಹಸಿರು, ಅಣ್ಣನಿಗೆ ನೀಲಿ. ಅಣ್ಣ ಅದನ್ನು ಲಾರಿಯ ಸೀಟಿಗೆ ಹಾಸಿದ. ಜಾತ್ರೆಯ ಕುಂಕುಮದ ಹಾಗೆ ಎಲ್ಲೆಡೆ ಸುರಿಯುವ ಅದಿರಿನ ಕೆಂಪು ಧೂಳಿಗೆ ಅದು ತಿಂಗಳೊಪ್ಪತ್ತಿನಲ್ಲಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಎಲ್ಲರದೂ ಮುಗಿದ ಮೇಲೆ ಉಳಿದ ಚೂರು ದಾರಗಳನ್ನು ಜೋಡಿಸಿ ತನಗೊಂದು ಮಾಡಿಕೊಂಡಳು. ಅದು ಚಿಕ್ಕಪ್ಪನ ಮಗಳು ತ್ರಿವೇಣಿಯ ಬಾಣಂತನಕ್ಕೆ ಹೋಯಿತು. ಆಮೇಲೆ ಹೊಸ ದಾರ ಕೊಂಡು ಮಾವಿನಹಣ್ಣಿನ ಬಣ್ಣದ್ದು ಮಾಡಿಕೊಂಡಳು. ಅದು ಚೋರನೂರಿನ ಅತ್ತೆ ಮರುಳಸಿದ್ದಮ್ಮನ ಚೀಲ ಸೇರಿತು.

ಚೆನ್ನಬಸಮ್ಮನದು ಒಂದು ನೇಮ. ಮನೆಗೆ ಬಂದವರು ಒಂದು ವಸ್ತುವನ್ನು ಎರಡು ಸಲ ಚೊಲೋ ಐತಿ ಅಂದರೆ ಅದು ಅವರ ಜೊತೆಗೇ ಹೋಗಬೇಕು. ಒಂದು ಸಲ ಅಂದದ್ದು ಬಾಯಿಮಾತು, ಎರಡನೇ ಸಲ ಅಂದದ್ದು ಮನಸ್ಸಿನಿಂದ ಬಂದದ್ದು, ಆ ಮನಸ್ಸನ್ನು ಬರಿಗೈಯಲ್ಲಿ ಕಳಿಸಿದರೆ ಮನೆಗೆ ಒಳ್ಳೆಯದಲ್ಲ ಎಂದು ಅವಳ ತವರಿನಲ್ಲಿ ನಂಬುತ್ತಿದ್ದರಂತೆ. ಹೀಗೆ ಹಿತ್ತಾಳೆಯ ಕೊಡ ಹೋಗಿತ್ತು, ಒಂದು ಕರುವೂ ಹೋಗಿತ್ತು. ಅವ್ವ ತನ್ನ ವಸ್ತುಗಳನ್ನು ಕೊಟ್ಟಾಗ ಶೈಲಶ್ರೀ ಏನೂ ಅಂದುಕೊಂಡಿರಲಿಲ್ಲ. ತನ್ನ ಹೊದಿಕೆ ಎರಡನೇ ಸಲ ಹೋದಾಗ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಇನ್ನೊಂದು ಹೋಗಲು ಬಿಡುವುದಿಲ್ಲ ಎಂದುಕೊಂಡಳು. ಜೋರಾಗಿ ಅನ್ನಲಿಲ್ಲ. ಆದರೆ ಅಂದುಕೊಂಡದ್ದು ನಿಜ.

ಅದಕ್ಕೇ ಮೂರನೆಯದಕ್ಕೆ ಬಿಳಿ ದಾರ ಆರಿಸಿದಳು. ಬಟ್ಟೆ ಒಣಗಹಾಕಿದರೆ ಕೆಂಪಗಾಗಿ ಬರುವ ಈ ಊರಲ್ಲಿ ಬಿಳಿ ಹೊದಿಕೆಯನ್ನು ಯಾರು ತಾನೇ ಆಸೆಪಡುತ್ತಾರೆ? ಬಜಾರಿನಲ್ಲಿ ದಾರದ ಅಂಗಡಿಯ ತಾಯಪ್ಪ ಕನ್ನಡಕ ಮೇಲೇರಿಸಿ ನೋಡಿದ.

"ಬಿಳೀದಾ? ಈ ಊರಾಗ ಕಾಗಿನೂ ಕೆಂಪಗಾಗ್ಯಾವ ತಂಗಿ."

"ಬಿಳೀನ ಕೊಡ್ರಿ."

ಒಳಕೋಣೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಲುಂಗಿ ತುರುಕಿ, ಕೈ ತೊಳೆದುಕೊಂಡು ಕೂರುತ್ತಿದ್ದಳು. ಈ ಸಲ ತುಂಡು ತುಂಡು ಚೌಕಗಳಲ್ಲ. ನಡುವಿನಿಂದ ಶುರುವಾಗಿ ಸುತ್ತಿನ ಮೇಲೆ ಸುತ್ತು ಬೆಳೆಯುವ ಒಂದೇ ದೊಡ್ಡ ಚೌಕ. ಇಂಥದಕ್ಕೆ ಇಲ್ಲಿಗೆ ಸಾಕು ಎಂಬ ಅಳತೆ ಇಲ್ಲ, ಹೆಣೆಯುವವಳೇ ಹೇಳಬೇಕು. ಹೇಳುವ ತನಕ ಕೊನೆಯ ಕುಣಿಕೆಯಲ್ಲಿ ಕಡ್ಡಿ ಇರಬೇಕು. ದಾರ ಕತ್ತರಿಸಿ ಗಂಟು ಹಾಕುವ ಮುಂಚೆ ಕಡ್ಡಿ ತೆಗೆದು ದಾರ ಎಳೆದರೆ, ಹೆಣೆದದ್ದೆಲ್ಲ ಬಂದ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ.

ಹೊದಿಕೆ ಮಂಚದಷ್ಟು ಅಗಲವಾಗಿದ್ದ ಹೊತ್ತಿಗೆ ಸಂಡೂರಿನಿಂದ ಸಂಗಮ್ಮ ಬಂದರು. ಅವರ ಮಗ ತಿಪ್ಪೇಶನಿಗೆ ಶೈಲಶ್ರೀಯನ್ನು ನೋಡಿ ಹೋಗಿದ್ದರು. ಈಗ ದಿನ ಗೊತ್ತು ಮಾಡಲು ಬಂದಿದ್ದರು. ಅವರ ಹೊಲದಲ್ಲಿ ಅದಿರು ಸಿಕ್ಕಿತ್ತು, ಜೋಳ ಬೆಳೆಯುತ್ತಿದ್ದ ಮನೆತನ ಈಗ ಕಾರಿನಲ್ಲಿ ಓಡಾಡುತ್ತಿತ್ತು. ಪಡಸಾಲೆಯಲ್ಲಿ ಚಹಾ ಕುಡಿಯುತ್ತ, "ಹುಡುಗಿ ಕೈಕೆಲಸ ಏನ್ ಮಾಡ್ತಾಳ, ತೋರಸ್ರಿ" ಎಂದರು.

ಚೆನ್ನಬಸಮ್ಮ ಒಳಗೆ ಹೋಗಿ ಮಗಳನ್ನೂ ಹೊದಿಕೆಯನ್ನೂ ಹಾಗೇ ಎಬ್ಬಿಸಿಕೊಂಡು ಬಂದಳು. ಶೈಲಶ್ರೀ ದಾರದ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ತುದಿಗೆ ಕೂತಳು.

ಸಂಗಮ್ಮ ಅಂಚು ಹಿಡಿದು ನೋಡಿದರು. "ಭಾಳ ಚೊಲೋ ಐತಿ."

ಒಂದು, ಎಂದು ಶೈಲಶ್ರೀಯ ಎದೆ ಹೇಳಿತು.

"ನಮ್ಮ ಹೊಸಾ ಮನಿ ನೋಡಿಲ್ಲಲ್ಲ ನೀವು. ಎಲ್ಲಾ ಬಿಳೀ ಮಾರ್ಬಲ್ಲು. ಕಿಟಕಿಗೆಲ್ಲಾ ಗಾಜು. ಇಷ್ಟೂ ಧೂಳು ಒಳಗ ಬರಂಗಿಲ್ಲ. ಮಂಚದ ಮ್ಯಾಲೆ ಹಾಕಾಕ ಇಂಥದ್ದ ಹುಡುಕಾಕತ್ತಿದ್ದೆ."

ಶೈಲಶ್ರೀಗೆ ತನ್ನ ಲೆಕ್ಕಾಚಾರ ಎಲ್ಲಿ ತಪ್ಪಿತೆಂದು ಆಗ ತಿಳಿಯಿತು. ಧೂಳು ಎಬ್ಬಿಸಿದವರ ಮನೆಗೆ ಮಾತ್ರ ಧೂಳು ಹೋಗುವುದಿಲ್ಲ ಎಂಬುದನ್ನು ಅವಳು ಯೋಚಿಸಿರಲಿಲ್ಲ.

"ಖರೇ ಚೊಲೋ ಐತಿ," ಎಂದರು ಸಂಗಮ್ಮ.

"ತಗೊಂಡ ಹೋಗ್ರಿ ಅಕ್ಕಾರ," ಎಂದಳು ಚೆನ್ನಬಸಮ್ಮ, ಉಸಿರು ಬಿಡುವಷ್ಟೂ ತಡ ಮಾಡದೆ. "ಆಕಿ ಮಾಡಿದ್ದೆಲ್ಲಾ ಇನ್ನ ನಿಮ್ಮದ ಅಲ್ಲೇನು?"

"ಅದು ಇನ್ನಾ ಮುಗಿದಿಲ್ಲ," ಎಂದಳು ಶೈಲಶ್ರೀ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಸಂಗಮ್ಮನಿಗೆ ಕೇಳಿಸಿತು. "ನಮ್ಮನಿಗೆ ಬಂದು ಮುಗಿಸೀಯಂತ ಬಿಡವ್ವ. ಅಲ್ಲಿ ನಿನಗ ಬ್ಯಾರೆ ಕೆಲಸಾನ ಏನೈತಿ? ಓದಿದ್ದು ಓದಿದಿ, ನೌಕರಿ ಗೀಕರಿ ನಮ್ಮ ಮನ್ಯಾಗ ಇಲ್ಲ."

ಎಲ್ಲರೂ ನಕ್ಕರು. ಅವ್ವ ಬಗ್ಗಿ ಕಡ್ಡಿಯನ್ನು ಕುಣಿಕೆಯಿಂದ ಎಳೆದು ಚಾಪೆಯ ಮೇಲೆ ಹಾಕಿದಳು, ಹೊದಿಕೆಯನ್ನು ಮಡಚಿದಳು, ಸಂಗಮ್ಮನ ಕೈಗೆ ಕೊಟ್ಟಳು. ಉಂಡೆ ಶೈಲಶ್ರೀಯ ಮಡಿಲಲ್ಲೇ ಇತ್ತು. ಅವಳು ಅದರ ಮೇಲೆ ಎರಡೂ ಕೈ ಇಟ್ಟಳು.

ಸಂಗಮ್ಮ ಕುಂಕುಮ ಹಚ್ಚಿಸಿಕೊಂಡು, ಹೊದಿಕೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು. ಹಿಂದೆ ಅವ್ವ, ಅವ್ವನ ಹಿಂದೆ ಮಲ್ಲೇಶ್. ದಾರ ಬಿಗಿಯಾಯಿತು. ಶೈಲಶ್ರೀ ಹಿಡಿತ ಸಡಿಲಿಸಲಿಲ್ಲ. ಒಂದು ಕುಣಿಕೆ ಬಿಚ್ಚಿತು, ಅದರ ಹಿಂದೆ ಇನ್ನೊಂದು, ಆಮೇಲೆ ಮಳೆಹನಿಯ ಹಾಗೆ ಸಾಲಾಗಿ. ಅಂಗಳದ ಕೆಂಪು ಮಣ್ಣಿನ ಮೇಲೆ ಸುರುಳಿ ಸುರುಳಿ ಬಿಳಿ ದಾರ ಮೆಟ್ಟಿಲಿನಿಂದ ಕಾರಿನ ತನಕ ಬಿತ್ತು.

"ಅಕ್ಕಾರ," ಎಂದು ಕಾಂಪೌಂಡಿನಾಚೆಯಿಂದ ಕರೆಮ್ಮ ಕೂಗಿದಳು, "ನಿಮ್ಮ ಹೊದಿಕಿ ಹಿಂದಕ ಹೊಂಟೈತಿ ನೋಡ್ರಿ."

ಎಲ್ಲರೂ ತಿರುಗಿದರು. ಸಂಗಮ್ಮ ಕೊಸರಿ ಎಳೆದರು, ಇನ್ನೊಂದು ಸುತ್ತು ಬಿಚ್ಚಿತು.

"ಉಂಡಿ ಬಿಡ ಶೈಲಾ," ಎಂದಳು ಅವ್ವ.

ಶೈಲಶ್ರೀ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. "ಬಿಡಂಗಿಲ್ಲ."

"ಏನಂದಿ?"

"ಅದು ನಂದು. ನಾ ಹೊಚ್ಚಿಕೊಳ್ಳಾಕ ಮಾಡಿದ್ದು."

ಮಲ್ಲೇಶ್ ಓಡಿ ಬಂದ, ಹಲ್ಲು ಕಚ್ಚಿ ಪಿಸುಗುಟ್ಟಿದ. "ಏ, ಇಂಥಾವು ಹತ್ತ ತರಿಸಿಕೊಡ್ತೀನಿ ನಿನಗ. ಮರ್ಯಾದಿ ಕಳೀಬ್ಯಾಡ."

"ಹಂಗಾದ್ರ ಆ ಹತ್ತೂ ಅವರಿಗೇ ಕೊಡು."

ಸಂಗಮ್ಮ ಈಗ ನಗುತ್ತಿರಲಿಲ್ಲ. "ಒಂದು ಹೊದಿಕಿ ಬಿಡವಲ್ಲಿ. ನಾಳೆ ನಮ್ಮ ಮನಿಗೆ ಬಂದು ಏನ್ ಬಿಟ್ಟೀ ನೀನು?"

ಶೈಲಶ್ರೀ ದಾರವನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. "ಏನೂ ಬಿಡಂಗಿಲ್ರಿ," ಎಂದಳು. ಈ ಸಲ ಓಣಿಗೆಲ್ಲ ಕೇಳಿಸಿತು.

ಸಂಗಮ್ಮ ಹೊದಿಕೆಯನ್ನು ಗೇಟಿನ ಕಂಬದ ಮೇಲೆ ಹಾಕಿ ಕಾರು ಹತ್ತಿದರು. ಕಾರು ತಿರುಗಿದ ಬೆನ್ನಿಗೇ ಅದಿರಿನ ಲಾರಿಗಳ ಸಾಲು ಬಂತು. ಅಂಗಳದ ದಾರವೆಲ್ಲ ಕೆಂಪಾಯಿತು.

"ಸಂಬಂಧ ಹೋತು," ಎಂದು ಅವ್ವ ಮೆಟ್ಟಿಲ ಮೇಲೆ ಕುಸಿದಳು. "ನನ್ನ ಮಾತು ಹೋತು."

"ನಿನ್ನ ಮಾತಿಗೆ ನಿನ್ನ ಹಸರು ಹೊದಿಕಿ ಕೊಡಬೇಕಿತ್ತು," ಎಂದರು ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಕೊಟ್ರಯ್ಯ.

ಶೈಲಶ್ರೀ ಕಂಬದ ಮೇಲಿನ ಹೊದಿಕೆ ಎತ್ತಿಕೊಂಡು ಅಂಗಳದಲ್ಲಿ ಕೂತು ದಾರವನ್ನೆಲ್ಲ ಉಂಡೆಗೆ ಸುತ್ತಿದಳು. ಅವ್ವ ಮುಖ ತಿರುಗಿಸಿಕೊಂಡೇ, "ಸೋಪಿನ ಪುಡ್ಯಾಗರ ನೆನೆಹಾಕು" ಎಂದಳು. ಅವಳು ನೆನೆಹಾಕಲಿಲ್ಲ. ಆ ಕೆಂಪು ದಾರವನ್ನೇ ಮತ್ತೆ ಹೆಣೆದಳು. ಅದು ಮುಗಿದ ಮೇಲೆ ತಾಯಪ್ಪನ ಅಂಗಡಿಯಿಂದ ಇನ್ನಷ್ಟು ಬಿಳಿ ತಂದು ಹೊರಗೆ ಇನ್ನೂ ಸುತ್ತು ಹಾಕಿದಳು. ಹೊದಿಕೆ ಮಂಚ ಮೀರಿ ನೆಲಕ್ಕೆ ಮುಟ್ಟಿದ ದಿನ ದಾರ ಕತ್ತರಿಸಿ, ಗಂಟು ಹಾಕಿ, ಹಲ್ಲಿನಿಂದ ಎಳೆದು ಬಿಗಿದಳು.

ಅವತ್ತು ಮಧ್ಯಾಹ್ನ ಕರೆಂಟು ಹೋಗಿತ್ತು. ಏಸಿಯೂ ಇಲ್ಲ, ಫ್ಯಾನೂ ಇಲ್ಲ. ಅವಳು ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಮಲಗಿದಳು.

ಬಾಗಿಲಲ್ಲಿ ಅವ್ವ ಬಂದು ನಿಂತಳು. ಸಂಡೂರಿನವರು ಹೋದಾಗಿನಿಂದ ಸರಿಯಾಗಿ ಮಾತಾಡಿರಲಿಲ್ಲ. "ಬೆವರು ಸುರಿಯಾಕತ್ತೈತಿ. ತಗಿ ಅದನ್ನ."

"ತಗಿಯಂಗಿಲ್ಲ," ಎಂದು ಶೈಲಶ್ರೀ ಮುಸುಕೆಳೆದುಕೊಂಡಳು.