ಕೈ ಹಾಕದ ಮೂರು ಚೀಲ

ಆಷಾಢದ ಕೊನೆಯ ವಾರ ಊರಿನ ಹಗೇವು ತೆರೆದಾಗ ಮೇಲಿನ ರಾಗಿಯೆಲ್ಲ ಕಪ್ಪಾಗಿ ಗಡ್ಡೆ ಕಟ್ಟಿತ್ತು. ಮುಗ್ಗಲು ವಾಸನೆ ಚಾವಡಿಯವರೆಗೂ ಬಂತು. ಅಂದೇ ಹೊಣೆ ಸಾಬೀರಣ್ಣನ ಮೇಲೆ ಬಿತ್ತು. ಕೆಡಿಸಿದ್ದು ಅವರ ರಾಗಿಯಲ್ಲ, ನಮ್ಮದು. ಅದನ್ನು ಬಾಯಿಬಿಟ್ಟು ಹೇಳಲು ನಾನು ಒಂಬತ್ತು ದಿನ ತೆಗೆದುಕೊಂಡೆ.

ಹಗೇವು ಎಂದರೆ ಗಟ್ಟಿ ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಒಂದು ಕೋಣೆಯಷ್ಟು. ರಾಗಿ ತುಂಬಿ, ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮೂರಿನದು ಬಹಳ ಕಾಲ ಕಸ ತುಂಬಿಕೊಂಡು ಬಿದ್ದಿತ್ತು. ಕೊರೊನಾ ವರ್ಷ ದೊಡ್ಡಆಲಹಳ್ಳಿಯ ರಸ್ತೆಗೆ ಮುಳ್ಳು ಕಡಿದು ಹಾಕಿದಾಗ ನನ್ನ ಗಂಡ ಸಿದ್ಧಾರ್ಥ ಅದನ್ನು ಸ್ವಚ್ಛ ಮಾಡಿಸಿದ. ಇಪ್ಪತ್ತೆರಡು ಮನೆ, ಮನೆಗೆ ಮೂರು ಚೀಲ. ಯಾರಿಗೆ ಕೊರತೆಯಾದರೂ ಒಯ್ಯಬಹುದು. ಕಾರಣ ಕೇಳಬಾರದು.

ಎಲ್ಲರ ರಾಗಿಯೂ ಒಂದೇ ಗುಂಡಿಗೆ ಬೀಳುವುದರಿಂದ ಒಂದು ಕಟ್ಟುಪಾಡಿದೆ. ಸುರಿಯುವ ಮುಂಚೆ ಊರಿನ ಹಿರಿಯ ಗಂಗಹನುಮಯ್ಯ ಪ್ರತಿ ಚೀಲಕ್ಕೂ ಮೊಳಕೈವರೆಗೆ ಕೈ ಹಾಕುತ್ತಾರೆ. ಒಳಗೆ ತಣ್ಣಗಿದ್ದರೆ ತೇವವಿದೆ ಎಂದರ್ಥ. ಆಮೇಲೆ ಒಂದು ಚಿಟಿಕೆ ದವಡೆಗೆ ಹಾಕಿ ಕಡಿಯುತ್ತಾರೆ. ಸದ್ದು ಬರದಿದ್ದರೆ ಚೀಲ ವಾಪಸು. ಸ್ವಂತ ಅಳಿಯನ ಚೀಲವನ್ನು ಎರಡು ಸಲ ವಾಪಸು ಕಳಿಸಿದವರು ಅವರು. ನಾನು ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಒಂದು ವರ್ಷ ನನ್ನ ತೇವಾಂಶದ ಮೀಟರನ್ನು ಅವರ ಕೈಗೆ ಹೋಲಿಸಿ ನೋಡಿದ್ದೆ. ಕೈ ಒಂದೇ ಸಲ ತಪ್ಪಿತ್ತು.

ಈ ಜನವರಿಯಲ್ಲಿ ಹಗೇವು ತುಂಬುವುದಕ್ಕೆ ಹದಿನಾರು ದಿನ ಮುಂಚೆ ಸಿದ್ಧಾರ್ಥ ಹೋದ. ಕನಕಪುರದ ರಸ್ತೆ, ಬೈಕು, ಮಂಜು. ನಮ್ಮ ರಾಗಿ ಆಗಷ್ಟೇ ಒಕ್ಕಿ ಕಣದಲ್ಲಿ ರಾಶಿಯಾಗಿತ್ತು. ತಿಥಿಯ ಹಿಂದಿನ ದಿನ ಅಕಾಲದ ಮಳೆ ಬಂತು. ಟಾರ್ಪಾಲಿನ ಒಂದು ಮೂಲೆ ಗಾಳಿಗೆ ಎದ್ದದ್ದನ್ನು ಕಿಟಕಿಯಿಂದ ನೋಡಿದೆ. ಹೋಗಿ ಒಂದು ಕಲ್ಲು ಹೇರಿದ್ದರೆ ಸಾಕಿತ್ತು. ನೋಡುತ್ತಾ ಕೂತಿದ್ದೆ. ಆಮೇಲೆ ಒಂದೇ ಒಂದು ದಿನ ಬಿಸಿಲಿಗೆ ಹರವಿ ಚೀಲಕ್ಕೆ ತುಂಬಿಸಿದೆವು. ಮೀಟರು ಬೀರುವಿನಲ್ಲಿತ್ತು. ತೆಗೆಯಲಿಲ್ಲ.

ತುಂಬುವ ದಿನ ಸಾಬೀರಣ್ಣನ ಚೀಲಗಳು ಕೊನೆಯಿಂದ ಎರಡನೆಯವು, ನಮ್ಮವು ಕೊನೆಯವು. ಸಾಬೀರಣ್ಣ ಚನ್ನಪಟ್ಟಣದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದವರು. ನಾಲ್ಕು ವರ್ಷದ ಹಿಂದೆ ತಾಯಿಯ ಊರಾದ ಇಲ್ಲಿಗೆ ಬಂದು ಬೇರೆಯವರ ಜಮೀನು ಪಾಲಿಗೆ ಮಾಡುತ್ತಿದ್ದರು. ಹಗೇವಿಗೆ ಅವರು ಸೇರಿದ್ದು ಇದೇ ಮೊದಲ ಸಲ. ಗಂಗಹನುಮಯ್ಯ ಅವರ ಮೂರೂ ಚೀಲಕ್ಕೆ ಕೈ ಹಾಕಿ, ಕಡಿದು, "ಸುರೀಲಾ, ಮರಳಿದ್ದಂಗೆ ಒಣಗೈತೆ" ಎಂದರು. ನಮ್ಮ ಚೀಲದ ಬಾಯಿ ಬಿಚ್ಚುತ್ತಿದ್ದಂತೆ ನನ್ನ ಮುಖ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು.

"ಬ್ಯಾಡ ಕಣವ್ವ. ನಿಮ್ಮನೆ ಚೀಲಕ್ಕೆ ನಾನು ಕೈ ಹಾಕದಾ? ಸುರೀರಿ."

ಹಾಕಿ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಚೀಲ ಎತ್ತಿ ಸುರಿದವರು ಸಾಬೀರಣ್ಣನೇ.

ಈಗ, ಹಗೇವು ತೆರೆದ ದಿನ, ಕೆಟ್ಟ ರಾಗಿಯ ಸುತ್ತ ಎಲ್ಲರೂ ನಿಂತಿದ್ದರು. ಚಾವಡಿಯ ಪಕ್ಕದ ಮನೆಯ ಗಂಗಯ್ಯ ಮಾತು ಶುರು ಮಾಡಿದ.

"ಮ್ಯಾಲೆ ಬಿದ್ದೋವು ಯಾರವ್ಲಾ? ಸಾಬೀರಂದು, ಸಿದ್ಧಾರ್ಥನ ಮನೇದು. ಸಿದ್ಧಾರ್ಥನ ಮನೇದು ಆಗಕ್ಕಿಲ್ಲ, ಹಗೇವು ಮಾಡ್ದೋನೇ ಅವ್ನು. ಉಳ್ದೋರು ಯಾರು?"

"ನಂದು ಒಣಗಿತ್ತು ಅಣ್ಣ. ಅಜ್ಜ ಕೈ ಹಾಕಿ ನೋಡವ್ರೆ" ಎಂದರು ಸಾಬೀರಣ್ಣ.

"ನೂಲು ಬಿಚ್ಚೋ ಕೈ, ಬಿಸಿನೀರಲ್ಲೇ ಅಭ್ಯಾಸ. ರಾಗೀನೂ ಗೂಡು ಅಂತ ತಿಳ್ಕಂಡು ಒಸಿ ಬೇಯ್ಸಿ ತಂದವ್ನೆ" ಎಂದ ಗಂಗಯ್ಯ.

ನಕ್ಕರು. ಎಲ್ಲರೂ ಗಂಗಹನುಮಯ್ಯನ ಕಡೆ ತಿರುಗಿದರು. ಅವರು ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು.

"ವಯಸ್ಸಾಯ್ತು ಕಣ್ರಪ್ಪ. ನನ್ ಕೈಯೇ ತಪ್ಪಿರ್ಬೇಕು."

ನನ್ನನ್ನು ಉಳಿಸಲು ಆ ಅಜ್ಜ ತಮ್ಮ ಕೈಯನ್ನೇ ಸುಳ್ಳು ಮಾಡಿಕೊಂಡರು. ನಾನು ಮನೆಗೆ ಬಂದು ಅನ್ನಕ್ಕಿಟ್ಟೆ.

ಐದನೆಯ ದಿನ ಸಾಬೀರಣ್ಣ ಕನಕಪುರದಿಂದ ಮೂರು ಚೀಲ ರಾಗಿ ತಂದು ಚಾವಡಿಯಲ್ಲಿ ಇಳಿಸಿದರು. ತಪ್ಪೊಪ್ಪಿಕೊಂಡ ಹಾಗಾಯಿತು ಎಂದರು ಜನ. ಒಂಬತ್ತನೆಯ ದಿನ ಸಂಜೆ, ಅವರ ಮನೆಯನ್ನು ಹಗೇವಿನಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಸೇರಿದರು. ನಾನೂ ಹೋದೆ. ಎದ್ದು ನಿಂತೆ.

"ನೆಂದಿದ್ದು ನಮ್ಮ ರಾಗಿ. ಮಳೆ ಬಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುರಿಸಿದೆ."

ಎದುರುಮನೆಯ ದೊಡ್ಡಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೋಡ್ರಪ್ಪ ಈ ಮಗೀನ ಗುಣವ. ಇನ್ನೊಬ್ರು ತಪ್ಪ ತನ್ ತಲೆ ಮ್ಯಾಲೆ ಹೊತ್ಕತಾವ್ಳೆ. ಥೇಟ್ ಗಂಡನಂಗೇಯ."

"ಅಲ್ಲ ಅತ್ತೆ, ನಿಜವಾಗಿಯೂ ನಮ್ಮದೇ."

"ಆಯ್ತು ಬುಡು ಕಣಕ್ಕ" ಎಂದ ಗಂಗಯ್ಯ. ಅವನ ದನಿಯಲ್ಲಿ ಅಂದಿನ ಕುಹಕವಿರಲಿಲ್ಲ. "ನೀನು ಇಷ್ಟು ಹೇಳ್ದ ಮ್ಯಾಲೆ ಇನ್ನೇನೈತೆ. ಸಾಬೀರನ್ನ ಇಟ್ಕಳವ. ಒಂದ್ಸಲ ಮನ್ನಿಸ್ಬುಡವ. ಏನ್ರಪ್ಪ?"

ಎಲ್ಲರೂ ಆಗಲಿ ಎಂದರು. ನನ್ನ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ. ಒಂಬತ್ತು ದಿನದ ಹಿಂದೆ ಹೇಳಿದ್ದರೆ ಅದು ಸತ್ಯವಾಗಿರುತ್ತಿತ್ತು. ಈಗ ಅದು ನನ್ನ ಒಳ್ಳೆಯತನವಾಗಿತ್ತು. ಸಾಬೀರಣ್ಣ ತಾವು ಮಾಡದ ತಪ್ಪಿಗೆ ಕ್ಷಮೆ ಪಡೆದು ಎದ್ದು ಹೋದರು. ಗಂಗಹನುಮಯ್ಯ ಕೊನೆಯವರೆಗೂ ತಲೆ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಸಾಬೀರಣ್ಣನ ಮನೆಗೆ ಹೋದೆ. ಅಂಗಳದಲ್ಲಿ ಅವರ ಹೆಂಡತಿ ಜೈನಬ್ ಒಂದು ಹೊಸ ನೀಲಿ ಡ್ರಮ್ಮನ್ನು ಒಣಬಟ್ಟೆಯಿಂದ ಒರೆಸುತ್ತಿದ್ದಳು. ಚಾವಡಿಯಲ್ಲಿ ಇಳಿಸಿದ್ದ ಮೂರು ಚೀಲಗಳು ಜಗಲಿಗೆ ವಾಪಸು ಬಂದಿದ್ದವು.

"ನಿನ್ನೆ ನಾನು ಹೇಳಿದ್ದು ನಿಜ" ಎಂದೆ.

"ಗೊತ್ತು ಕಣಮ್ಮ" ಎಂದರು ಸಾಬೀರಣ್ಣ. "ನಿಮ್ಮ ಚೀಲ ಎತ್ತಿದೋನು ನಾನಲ್ವಾ. ಭಾರ ಇತ್ತು. ಅವತ್ತೇ ಗೊತ್ತಾಯ್ತು."

"ಯಾಕೆ ಹೇಳಲಿಲ್ಲ?"

"ಸಾವಾಗಿರೋ ಮನೆ. ಹೆಂಗೆ ಹೇಳ್ಲಿ?" ಮತ್ತೆ ಅಂದರು, "ಹಗೇವು ತೆಗ್ದ ದಿನವೂ ನಾನು ಹೇಳ್ಬೌದಿತ್ತು. ನೀವೇ ಹೇಳ್ತೀರಿ ಅಂತ ಕಾದೆ."

"ದಿನಾ ಬಾಗಿಲು ನೋಡೋರು" ಎಂದಳು ಜೈನಬ್, ಡ್ರಮ್ಮಿನಿಂದ ತಲೆ ಎತ್ತದೆ. "ಓದಿರೋರು, ಮನಸು ಗಟ್ಟಿ ಮಾಡ್ಕೊಂಡು ಹೇಳ್ತಾರೆ ಇರಿ ಅಂತ ನಾನೇ ಅಂತಿದ್ದೆ. ಐದನೇ ದಿನಕ್ಕೆ ರಾಗಿ ತರಕ್ಕೆ ಹೋದ್ರು."

ನಾನು ಕ್ಷಮಿಸಿ ಎಂದೆ. ಹಗೇವು ಬಿಡಬೇಡಿ ಎಂದೆ. ಮತ್ತೆ ಸಭೆ ಸೇರಿಸುತ್ತೇನೆ, ನಂಬುವ ಹಾಗೆ ಹೇಳುತ್ತೇನೆ ಎಂದೆ. ಸಾಬೀರಣ್ಣ ಸಿಟ್ಟಿಲ್ಲದೆ ಕೇಳಿಸಿಕೊಂಡರು.

"ಮನ್ನಿಸಿ ಒಳಗಿಟ್ಕೊಂಡವ್ರೆ. ಅಂಗಿದ್ಮೇಲೆ ನಾಳೆ ಒಂದು ಹಿಡಿ ಹುಳ ಬಿದ್ರೂ ನನ್ನೇ ನೋಡ್ತಾರೆ. ಸಿದ್ಧಾರ್ಥಣ್ಣ ಕರ್ದಿದ್ದಕ್ಕೆ ಬಂದಿದ್ದೆ. ಆಯ್ತು. ನಮ್ಮ ರಾಗಿ ನಮ್ಮನೇಲಿರ್ಲಿ ಬುಡಿ."

ಜೈನಬ್ ಟೀ ಕುಡಿಯಿರಿ ಎಂದಳು. ಕುಡಿದೆ. ಡ್ರಮ್ಮು ದೊಡ್ಡದು, ಬಾಗಿಲು ಕಿರಿದು. ಅವರಿಬ್ಬರಿಂದ ಆಗಲಿಲ್ಲ. ನಾನೂ ಒಂದು ಕಡೆ ಹಿಡಿದೆ. ಓರೆ ಮಾಡಿ ಒಳಗೆ ತಂದು, ಗೋಡೆಯ ತೇವ ತಾಕದಂತೆ ಒಂದು ಗೇಣು ಬಿಟ್ಟು ನಿಲ್ಲಿಸಿದೆವು.