ಆರ್ಗನ್ ಅಟ್ಟದ ಶಾಖ

ಎಲ್ಮಾರ್ಸ್‌ನ ಎಡಗಿವಿ ಕೆಟ್ಟದ್ದು ಹಿಂದಿನ ಚಳಿಗಾಲದಲ್ಲಿ. ಪೂರ್ತಿ ಕಿವುಡಾಗಿದ್ದರೆ ವಾಸಿಯಿತ್ತು. ಒಂದೇ ಸ್ವರ ಬಲಗಿವಿಗೆ ಒಂದು ಎತ್ತರದಲ್ಲಿ, ಎಡಗಿವಿಗೆ ಅದಕ್ಕಿಂತ ತುಸು ಮೇಲೆ ಕೇಳತೊಡಗಿತು. ಎರಡರಲ್ಲಿ ಯಾವುದು ನಿಜವೆಂದು ತೀರ್ಪು ಹೇಳಲು ಮೂರನೆಯ ಕಿವಿ ಇರಲಿಲ್ಲ. ಒಮ್ಮೊಮ್ಮೆ ಬಲಗಿವಿಯೂ ಎಡಗಿವಿಯ ಮಾತು ಕೇಳಿ ದಾರಿ ತಪ್ಪುತ್ತಿತ್ತು. ರೀಗಾದ ವೈದ್ಯೆ ನರದ ದೋಷ ಎಂದಳು. ಸರಿಹೋಗುವ ಆಸೆ ಬೇಡ ಎಂದೂ ಅಂದಳು. ಅವನು ಯಾರಿಗೂ ಹೇಳಲಿಲ್ಲ.

ಹೇಳುವಂತಿರಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಅವನು ಈ ಬಂದರು ಊರಿನ ವಾದ್ಯವೃಂದದಲ್ಲಿ ಶಹನಾಯಿಯಂಥ ಓಬೋ ನುಡಿಸುವವರಲ್ಲಿ ಮೊದಲಿಗ. ಕಛೇರಿಗೆ ಮುಂಚೆ ಅವನು ಒಂದು ‘ಲಾ’ ಊದುತ್ತಾನೆ, ಉಳಿದ ಅರವತ್ತು ಜನ ಆ ಸ್ವರಕ್ಕೆ ತಮ್ಮ ಶ್ರುತಿ ಕಟ್ಟಿಕೊಳ್ಳುತ್ತಾರೆ. ಶ್ರುತಿ ಕೊಡುವವನಿಗೇ ಶ್ರುತಿ ತಿಳಿಯದು ಎಂದರೆ ಮಾರನೆಯ ದಿನ ಆ ಕುರ್ಚಿಯಲ್ಲಿ ಬೇರೆಯವರು. ಆದ್ದರಿಂದ ಅವನು ಬೆಂಕಿಪೊಟ್ಟಣದಷ್ಟು ದೊಡ್ಡ ಶ್ರುತಿಮಾಪಕವೊಂದನ್ನು ಕೊಂಡು ಸ್ವರಹಾಳೆಯ ಮರೆಯಲ್ಲಿ ಇಟ್ಟುಕೊಂಡ. ಮುಳ್ಳು ನಡುವೆ ನಿಂತರೆ ಸ್ವರ ಸರಿ. ಹತ್ತು ತಿಂಗಳು ಮುಳ್ಳು ಅವನ ಮಾನ ಕಾಯ್ದಿತ್ತು.

ನವೆಂಬರ್‌ನಲ್ಲಿ ಸಂಗೀತೋತ್ಸವ ಬಂತು. ಕೊನೆಯ ಸಂಜೆ ಲಾಟ್ವಿಯಾದ ಸಂಗೀತಗಾರರಿಗೇ ಮೀಸಲು. ಹೊರದೇಶಗಳಿಗೆ ಚದುರಿಹೋದ ಹಾಡುಗಾರರು, ವಾದಕರು ಅವತ್ತು ಊರಿಗೆ ಮರಳಿ ದೊಡ್ಡ ಚರ್ಚಿನಲ್ಲಿ ನುಡಿಸಬೇಕು. ರೇಡಿಯೋ ನೇರವಾಗಿ ಬಿತ್ತರಿಸಬೇಕು. ಅವರಲ್ಲಿ ಲಾಸ್ಮಾ ಕೂಡ ಇದ್ದಳು. ಒಂಬತ್ತು ವರ್ಷದವಳಾಗಿದ್ದಾಗ ಎಲ್ಮಾರ್ಸ್‌ನ ಬಳಿ ಓಬೋದ ಪೀಪಿ ಕಚ್ಚಲು ಕಲಿತವಳು, ಈಗ ಹ್ಯಾಂಬರ್ಗ್‌ನಲ್ಲಿ ಹೆಸರಾಂತ ಓಬೋ ವಾದಕಿ. ಮೊದಲರ್ಧದಲ್ಲಿ ಅವಳದು ಏಕವಾದನ. ಎರಡನೆಯ ಅರ್ಧದಲ್ಲಿ ಗುರುವಿನ ಪಕ್ಕ ಎರಡನೇ ಓಬೋ ಆಗಿ ಕೂರುತ್ತೇನೆ ಎಂದು ತಾನೇ ಕೇಳಿಕೊಂಡಿದ್ದಳು.

ಕೊನೆಯ ಕೃತಿ ಸೈಬೀರಿಯಾಕ್ಕೆ ಗಡೀಪಾರಾಗಿ ಸತ್ತ ಸಂಗೀತಗಾರರ ನೆನಪಿನದು. ಇಪ್ಪತ್ತು ನಿಮಿಷ ವಾದ್ಯವೃಂದವೊಂದೇ ನುಡಿಸಿ, ಕಟ್ಟಕಡೆಗೆ ಆರ್ಗನ್ ಬಂದು ಕೂಡಿಕೊಳ್ಳಬೇಕು. ಆರ್ಗನ್ ಯಾರ ಮಾತನ್ನೂ ಕೇಳುವ ವಾದ್ಯವಲ್ಲ. ಕೊಳವೆಯೊಳಗಿನ ಗಾಳಿ ತಣ್ಣಗಾದರೆ ಶ್ರುತಿ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ. ಅದಕ್ಕೇ ಚರ್ಚಿನಲ್ಲಿ ಕಛೇರಿ ಇದ್ದಾಗ, ಜನ ತುಂಬಿ ಕೂತ ಮೇಲೆ ಓಬೋದವನು ಆರ್ಗನ್ ಇರುವ ಅಟ್ಟ ಹತ್ತಿ ಹೋಗಿ ಆರ್ಗನ್ನಿನ ‘ಲಾ’ ಕೇಳಿಕೊಂಡು ಬಂದು ಉಳಿದವರಿಗೆ ಕೊಡುವುದು ಅಲ್ಲಿಯ ಪದ್ಧತಿ.

ಗುರುವಾರದ ತಾಲೀಮಿನಲ್ಲಿ ಚರ್ಚು ಒಂಬತ್ತು ಡಿಗ್ರಿ ಇತ್ತು. ಎಲ್ಲರೂ ಕೋಟು ತೊಟ್ಟೇ ನುಡಿಸಿದರು. ಆರ್ಗನ್ನಿನ ಸ್ವರಕ್ಕೆ ಮಾಪಕ ಸೆಕೆಂಡಿಗೆ ನಾನೂರ ಮೂವತ್ತೈದು ಕಂಪನ ತೋರಿಸಿತು. ಎಲ್ಮಾರ್ಸ್ ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡ.

ಕಛೇರಿಯ ದಿನ, ಶನಿವಾರ, ಸಂಜೆ ಐದಕ್ಕೆಲ್ಲ ಕತ್ತಲೆ. ಚರ್ಚಿನ ಪಕ್ಕದ ಪಾದ್ರಿಮನೆಯ ಬಾಗಿಲಲ್ಲಿ ಆರ್ಗನ್ ವಾದಕಿ ಜಿಗ್ರೀದಾ ಕೈಯಲ್ಲಿ ಕಾರ್ನೇಷನ್ ಹೂ ಹಿಡಿದು ಬೈಯುತ್ತ ನಿಂತಿದ್ದಳು.

“ನೋಡೋ ಇವರ ಕೆಲ್ಸಾನ! ಸಮಿತಿಯವ್ರು ಕಳಿಸಿದ್ದು, ಎಣಿಸಿದ್ರೆ ಆರು! ನಾನೇನು ಪೆಟ್ಟಿಗೇಲಿ ಮಲಗಿದೀನಾ? ಬದುಕಿರೋರಿಗೆ ಬೆಸ, ಸತ್ತೋರಿಗೆ ಸರಿ ಸಂಖ್ಯೆ ಹೂ ಅಂತ ಮಕ್ಕಳಿಗೂ ಗೊತ್ತು.”

“ಒಂದು ಕಿತ್ತು ಬಿಸಾಕು, ಬದುಕ್ಕೋತೀಯ.”

“ಬಿಸಾಕಿದೆ ಬಿಡು. ಏ ಎಲ್ಮಾರ್, ಜನ ಕೂತ್ಮೇಲೆ ಮೇಲ್ಗಡೆ ಬಾ. ‘ಲಾ’ ಕೇಳಿಸ್ತೀನಿ. ಒಂದ್ಸಲ ಕಿವಿಯಾರೆ ಕೇಳ್ಕೊಂಡು ಹೋಗು.”

“ನೋಡೋಣ. ಮಂಡಿ ನೋವು.” ಒಳಗೆ ಓಬೋ ಪೆಟ್ಟಿಗೆ ಬಿಚ್ಚುತ್ತಿದ್ದ ಲಾಸ್ಮಾ ತಲೆಯೆತ್ತಿ ಅವನ ಕಡೆ ನೋಡಿದಳು.

“ಮಂಡಿಯಂತೆ! ನಂಗೆ ಅರವತ್ತೆಂಟು, ದಿನಾ ಹತ್ತಲ್ವಾ?”

ಮಂಡಿಗೆ ಏನೂ ಆಗಿರಲಿಲ್ಲ. ಅಟ್ಟದ ಮೇಲೆ ಜಿಗ್ರೀದಾ ಬೆರಳಿಟ್ಟು, ‘ಸರಿಯಾ?’ ಎಂದು ಅವನ ಮುಖ ನೋಡುತ್ತಾಳೆ. ಮೂವತ್ತು ವರ್ಷಗಳ ಗೆಳೆತನ. ಅವಳ ಎದುರು ಜೇಬಿನಿಂದ ಮಾಪಕ ತೆಗೆದರೆ ಮುಗಿಯಿತು.

ಎಲ್ಮಾರ್ಸ್ ಲೆಕ್ಕ ಬಲ್ಲವನು. ಒಂದು ಡಿಗ್ರಿ ಏರಿದರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಕಂಪನ ಏರುತ್ತದೆ. ಇನ್ನು ಬೇಕಾದದ್ದು ಶಾಖವೊಂದೇ. ಚರ್ಚು ತುಂಬಿದ ಮೇಲೆ ಪಕ್ಕದ ಬಾಗಿಲಿನಿಂದ ಒಳಹೋಗಿ ಪ್ರವಚನಪೀಠದ ಬಳಿ ತೂಗುಹಾಕಿದ್ದ ಉಷ್ಣಮಾಪಕ ನೋಡಿದ. ಹನ್ನೆರಡು. ಮೂರು ಡಿಗ್ರಿ ಹೆಚ್ಚು. ನಾನೂರ ಮೂವತ್ತೇಳು ಎಂದು ಲೆಕ್ಕ ಹಾಕಿದ. ಎರಡು ಸಲ ತಾಳೆ ನೋಡಿದ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ನೇರಪ್ರಸಾರವಿದ್ದುದರಿಂದ ಶ್ರುತಿ ಕೂಡಿಸುವುದು ಪಾದ್ರಿಮನೆಯಲ್ಲೇ ಎಂದು ರೇಡಿಯೋದವರು ಹೇಳಿದ್ದರು. ಲಾಸ್ಮಾ ಪಕ್ಕದಲ್ಲಿ ಬಂದು ನಿಂತು ಮೆಲ್ಲಗೆ ಕೇಳಿದಳು: “ಮೇಷ್ಟ್ರೇ, ಮೇಲ್ಗಡೆ ಹೋಗಿ ಬಂದ್ರಾ?”

“ಆಯ್ತು,” ಎಂದ ಎಲ್ಮಾರ್ಸ್. ಅಂಗೈಯಲ್ಲಿದ್ದ ಮಾಪಕವನ್ನು ತನ್ನ ಲೆಕ್ಕದ ಅಂಕಿಗೆ ಇಟ್ಟು, ಮುಳ್ಳನ್ನು ನಡುವೆ ನಿಲ್ಲಿಸಿ ‘ಲಾ’ ಊದಿದ. ಅರವತ್ತು ಜನ ಅದನ್ನು ಎತ್ತಿಕೊಂಡರು. ಲಾಸ್ಮಾಳ ಕಣ್ಣು ಒಂದು ಕ್ಷಣ ಅವನ ಅಂಗೈಯ ಕಡೆ ಹೋಗಿ ಮರಳಿತು. ಅವಳು ಓಬೋ ಎತ್ತಿ ಅವನ ಸ್ವರಕ್ಕೆ ತನ್ನದನ್ನು ಸೇರಿಸಿದಳು. ವಿರಾಮದಲ್ಲೂ ಅದೇ ಸ್ವರ ಕೊಟ್ಟ.

ಮೊದಲರ್ಧ ಚೆನ್ನಾಗಿಯೇ ಹೋಯಿತು. ಲಾಸ್ಮಾ ನುಡಿಸಿದಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಎರಡನೆಯ ಅರ್ಧದ ಕೃತಿ ನಿಧಾನಕ್ಕೆ ಏರುತ್ತ ಏರುತ್ತ, ಕೊನೆಗೆ ನಿರ್ದೇಶಕ ಗುಂದಾರ್ಸ್ ಎಡಗೈಯನ್ನು ಅಟ್ಟದ ಕಡೆಗೆ ಚಾಚಿದ. ಆರ್ಗನ್ ಬಂತು.

ಎಲ್ಮಾರ್ಸ್‌ಗೆ ಅದು ತುಂಬುಗಡಲಿನಂತೆ ಕೇಳಿತು. ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ಎಲ್ಲ ಸ್ವರಗಳೂ ಕೂಡಿಕೊಂಡ ಹಾಗೆ ಅವನಿಗೆ ಅನಿಸಿತು. ಎದೆ ತುಂಬಿ ಬಂತು. ತಲೆಯೆತ್ತಿ ನೋಡಿದ. ಚೆಲ್ಲೋದವರ ಬೆರಳುಗಳು ತಂತಿಯ ಮೇಲೆ ಜಾಗ ಹುಡುಕುತ್ತ ಜಾರುತ್ತಿದ್ದವು. ಕೊಂಬಿನವನೊಬ್ಬ ಊದುವುದನ್ನು ನಿಲ್ಲಿಸಿದ್ದ. ಮುಂದಿನ ಸಾಲಿನ ಮುದುಕ ಹಲ್ಲುನೋವಿನವನಂತೆ ದವಡೆ ಹಿಡಿದುಕೊಂಡಿದ್ದ. ಗುಂದಾರ್ಸ್‌ನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಪಕ್ಕದಲ್ಲಿ ಲಾಸ್ಮಾ ತುಟಿ ಬಿಗಿದು ಪೀಪಿಯನ್ನು ಹಿಂಡಿ ಹಿಂಡಿ ತನ್ನ ಸ್ವರವನ್ನು ಮೇಲೆತ್ತಲು ಹೆಣಗುತ್ತಿದ್ದಳು. ಅವಳು ಮೇಲೆತ್ತುತ್ತಿದ್ದಾಳೆ ಎಂದು ನೋಡಿದಾಗಲೇ ಅವನಿಗೆ ತಾನು ಕೆಳಗಿದ್ದೇನೆಂದು ಗೊತ್ತಾದದ್ದು.

ಶಾಖ ಮೇಲೇರುತ್ತದೆ. ಎಂಟುನೂರು ಜನರ ಉಸಿರು, ಅರ್ಧ ದಿನದ ಹೀಟರುಗಳು, ಮೇಣದ ಬತ್ತಿಗಳು. ಕೆಳಗೆ ಹನ್ನೆರಡಾದರೆ ಆರ್ಗನ್ ಅಟ್ಟದಲ್ಲಿ ಇಪ್ಪತ್ತು. ಮೇಲೆ ಹೋಗಿದ್ದರೆ ಕಿವಿಯೇ ಬೇಕಿರಲಿಲ್ಲ, ಕೆನ್ನೆಗೇ ತಿಳಿಯುತ್ತಿತ್ತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಸತ್ತವರಿಗಾಗಿ. ಸಾಲುಗಟ್ಟಿ ಬಂದು ಹೂ ಕೊಟ್ಟರು. ಲಾಸ್ಮಾ ಕಛೇರಿಗೆ ಮುಂಚೆಯೇ ಗುರುವಿಗೆಂದು ತಂದಿರಿಸಿದ್ದ ಏಳು ಬಿಳಿ ಕಾರ್ನೇಷನ್‌ಗಳನ್ನು ಅವನ ತೊಡೆಯ ಮೇಲಿಟ್ಟಳು. ಮುಖ ನೋಡಲಿಲ್ಲ.

ಪಾದ್ರಿಮನೆಯಲ್ಲಿ ಬೂದು ಬಟಾಣಿ, ಹಂದಿಮಾಂಸದ ಕಡುಬು ಹಬೆಯಾಡುತ್ತಿದ್ದವು. ಯಾರೂ ತಟ್ಟೆ ಮುಟ್ಟಿರಲಿಲ್ಲ. ಜಿಗ್ರೀದಾ ಇನ್ನೂ ಅಟ್ಟದಿಂದ ಇಳಿದಿರಲಿಲ್ಲ. ಗುಂದಾರ್ಸ್ ಟೈ ಕಿತ್ತೆಸೆದ.

“ದೇಶ ಪೂರ್ತಿ ಕೇಳ್ತಾ ಇತ್ತು. ಸೈಬೀರಿಯಾದಲ್ಲಿ ಸತ್ತೋರ ಹೆಸರಿನ ಕೃತಿ ಅದು! ಶ್ರುತಿ ಯಾರು ಕೊಟ್ಟಿದ್ದು? ಮೇಲೆ ಹೋಗಿ ಕೇಳ್ಕೊಂಡು ಬಂದೋರು ಯಾರು?”

ಅರವತ್ತು ಜನಕ್ಕೂ ಗೊತ್ತಿತ್ತು ಸ್ವರ ಊದಿದ್ದು ಯಾರೆಂದು. ಗೊತ್ತಿಲ್ಲದ್ದು ಮೇಲೆ ಹೋಗಿ ಬಂದವರು ಯಾರೆಂಬುದು. ಎಲ್ಮಾರ್ಸ್ ಬಾಯಿ ತೆರೆದ.

“ನಾನು,” ಎಂದಳು ಲಾಸ್ಮಾ. “ಮೇಷ್ಟ್ರಿಗೆ ಮಂಡಿ ನೋವು ಅಂತ ನಾನೇ ಹೋಗಿದ್ದೆ. ಜನ ಕೂರೋ ಮುಂಚೆನೇ ಕೇಳ್ಕೊಂಡ್ ಬಂದ್ಬಿಟ್ಟೆ. ನನ್ನ ತಪ್ಪು.”

ಗುಂದಾರ್ಸ್ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಹ್ಯಾಂಬರ್ಗ್‌ನಲ್ಲಿ ಇದನ್ನೇ ಕಲಿಸ್ತಾರಾ, ತಾಯಿ? ದೊಡ್ಡೋರು ನೀವು. ಮುಂದಿನ ವರ್ಷ ಇಷ್ಟು ದೂರ ಬರೋ ಶ್ರಮ ತಗೋಬೇಡಿ.”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಲಾಸ್ಮಾಳ ಕಿವಿಗಳು ಕೆಂಪಾದವು. ಈಗ ಹೇಳಬೇಕು ಎಂದುಕೊಂಡ ಎಲ್ಮಾರ್ಸ್. ಈ ಉಸಿರು ಬಿಟ್ಟ ಮೇಲೆ ಹೇಳುತ್ತೇನೆ ಎಂದುಕೊಂಡ. ಅಷ್ಟರಲ್ಲಿ ಒಬ್ಬ ತಟ್ಟೆ ಎತ್ತಿದ, ಇನ್ನೊಬ್ಬ ಎತ್ತಿದ, ಚಮಚಗಳ ಸದ್ದು ಎದ್ದಿತು.

ಬಸ್ ನಿಲ್ದಾಣದವರೆಗೆ ಎಲ್ಮಾರ್ಸ್ ಲಾಸ್ಮಾಳ ಓಬೋ ಪೆಟ್ಟಿಗೆ ಹೊತ್ತು ಹೋದ. ಹಿಮ ಬೀಳುವಂತಿತ್ತು, ಬೀಳಲಿಲ್ಲ.

“ಎಷ್ಟು ದಿನದಿಂದ, ಮೇಷ್ಟ್ರೇ?”

“ಜನವರಿಯಿಂದ.”

“ನಂಗೆ ಹತ್ತು ವರ್ಷ ಇದ್ದಾಗ ನನ್ನ ಮಾಪಕ ಕಿತ್ಕೊಂಡು ಕಾಲುವೆಗೆ ಎಸೆದಿದ್ರಿ. ನೆನಪಿದ್ಯಾ? ಅಪ್ಪನ ಹತ್ರ ಹಠ ಮಾಡಿ ತರಿಸ್ಕೊಂಡಿದ್ದು. ‘ಕಿವಿ ಇರೋಳಿಗೆ ಮುಳ್ಳು ಯಾಕೆ’ ಅಂದ್ರಿ. ಎರಡು ದಿನ ಅತ್ತಿದ್ದೆ.”

ಅವನು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

“ಸೋಮವಾರ ತಾಲೀಮಿದೆ ಅಲ್ವಾ? ನೀವೇ ಹೇಳ್ಬಿಡಿ. ನಾನಂತೂ ಬಾಯಿ ಬಿಡಲ್ಲ. ನೀವು ಹೇಳದೇ ಇದ್ರೂ ಬಿಡಲ್ಲ.” ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವಳು ಓಬೋ ಪೆಟ್ಟಿಗೆಗೆ ಕೈ ಚಾಚಿದಳು. “ಕೊಡಿ, ಚಳಿ. ಮನೆಗೆ ಹೋಗಿ.”

ಭಾನುವಾರ ಪೂರ್ತಿ ಅವನು ಆಡಬೇಕಾದ ಮಾತುಗಳನ್ನು ಅಭ್ಯಾಸ ಮಾಡಿದ. ನಾಲ್ಕೇ ವಾಕ್ಯ. ಅಡುಗೆಮನೆಯ ಮೇಜಿನ ಮೇಲೆ ಬಿಳಿ ಹೂಗಳು ಗಾಜಿನ ಜಾಡಿಯಲ್ಲಿದ್ದವು.

ಸೋಮವಾರ ಬೆಳಗ್ಗೆ ಒಂದು ಹೂವಿನ ಕತ್ತು ಮುರಿದು ಮೇಜಿಗೆ ಬಿದ್ದಿತ್ತು. ಆರು ಉಳಿದಿದ್ದವು. ಆ ನಾಡಿನ ಯಾರ ಕೈಯೇ ಆದರೂ ಯೋಚಿಸದೆ ಇನ್ನೊಂದನ್ನು ಎಳೆದು ಹಾಕುತ್ತಿತ್ತು. ಅವನ ಕೈಯೂ ಚಾಚಿತು, ದಂಟಿನ ತನಕ ಹೋಯಿತು. ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡು ಕೋಟು ತೊಟ್ಟ.

ತಾಲೀಮಿನ ಕೋಣೆ ಬೆಚ್ಚಗಿತ್ತು. ಗುಂದಾರ್ಸ್ ಬಂದು, ಯಾರ ಕಡೆಗೂ ನೋಡದೆ, “ಆದದ್ದು ಆಯ್ತು, ಹೊರಗಿನೋರ ತಪ್ಪು, ಮರೀರಿ,” ಎಂದ. ಮೊದಲ ಪಿಟೀಲಿನವಳು ಎದ್ದು ನಿಂತು ಎಲ್ಮಾರ್ಸ್‌ನ ಕಡೆ ತಿರುಗಿದಳು. ಅರವತ್ತು ಜನ ಸುಮ್ಮನಾದರು. ನಾಲ್ಕು ವಾಕ್ಯ ಹೇಳಲು ಅಷ್ಟು ಮೌನ ಸಾಕಿತ್ತು.

ಅವನು ಹಾಳೆಯ ಮರೆಯಲ್ಲಿ ಮಾಪಕದ ಗುಂಡಿ ಒತ್ತಿದ. ಪೀಪಿ ತುಟಿಗಿಟ್ಟ. ಮುಳ್ಳು ಅತ್ತಿತ್ತ ನಡುಗಿ ನಡುವೆ ನಿಂತಿತು.