ಕೂಸು ದಾಟಿಸುವುದು

ಮತ್ತೆ ಅದೇ ಗರಿ, ಓಝೆಲ್ಲಜ್ಜಿಯ ಟೋಪಿಯ ನೇರಳೆ ಗರಿ ನನ್ನ ಕೆನ್ನೆಗೆ ತಾಗುತ್ತಿದೆ, ಭಾನುವಾರ ಚರ್ಚಿಗೆ ಹಾಕುವ ಟೋಪಿ, ಅದರ ಅಗಲಕ್ಕೆ ಹಿಂದಿನ ಸಾಲಿನವರಿಗೆ ವೇದಿಕೆಯೇ ಕಾಣುತ್ತಿರಲಿಕ್ಕಿಲ್ಲ, ಕಾಣದಿದ್ದರೇನಂತೆ, ಭಾಷಣ ಕಿವಿಗೆ ಬಿದ್ದರೆ ಸಾಲದೇ — ನಾವು ಒಪ್ಪಿಕೊಳ್ಳುತ್ತೇವೆ, ಅನ್ನುತ್ತಿದ್ದಾಳೆ ಕಾಲೇಜಿನ ಅಧ್ಯಕ್ಷೆ ಡಾಕ್ಟರ್ ಹಾಲ್‌ಸ್ಟೆಡ್, ಈ ಕಟ್ಟಡಗಳನ್ನು ಕಟ್ಟಿದವರು ಗುಲಾಮರು, ಅವರ ಹೆಸರುಗಳನ್ನು ಇಂದು ಈ ಕಲ್ಲಿನಲ್ಲಿ — ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಇರಲಿ, ಇವರು ಹಾಕಿದರಲ್ಲ, ಹಾಕದವರೇ ಹೆಚ್ಚು, ಏಪ್ರಿಲ್‌ನಲ್ಲೇ ವರ್ಜೀನಿಯಾದ ಬಿಸಿಲು ಹೀಗೆ ಏರಿದರೆ ಮುಂದೇನು ಗತಿ, ಮಡಿಲಲ್ಲಿ ಮಗು ಬೆವರುತ್ತಿದೆ, ಅಜ್ಜಿ ಗಾಳಿ ಹಾಕುತ್ತಿದ್ದಾಳೆ, ಶವಸಂಸ್ಕಾರದ ಅಂಗಡಿಯವರು ಚರ್ಚಿಗೆ ಪುಕ್ಕಟೆ ಹಂಚುವ ರಟ್ಟಿನ ಬೀಸಣಿಗೆ, ಮದುವೆಗೂ ಅದನ್ನೇ ತರುತ್ತಾಳೆ, ಬೇಡ ಅಂದರೆ ಕೇಳುವವಳೇ, ನನ್ನನ್ನು ಸಾಕಿದ ಕೈ, ಎದುರು ಮಾತಾಡಿದರೆ ಇವತ್ತಿಗೂ ಮೊಣಕೈಯಿಂದ ತಿವಿಯುತ್ತಾಳೆ. ಬೆಳಿಗ್ಗೆ ಕಾರಿನಲ್ಲೂ ತಿವಿದಳು, ಇವತ್ತು ಕೂಸನ್ನ ದಾಟಿಸ್ಲೇಬೇಕು ಕಣೇ ಕಾರ್ಲಿಸ್. ಅಜ್ಜೀ, ಅದು ಬರೀ ಕಲ್ಲು, ಶವದ ಪೆಟ್ಟಿಗೆಯಲ್ಲ ಅಂದೆ. ಪೆಟ್ಟಿಗೆ ಯಾವತ್ತು ಕೊಟ್ರು ನಮ್ಮ ಆ ಹಿರಿಯಳಿಗೆ? ಕಲ್ಲಾದ್ರೂ ಬಂತಲ್ಲ, ಅದ್ರ ಮೇಲೇ ಆಗ್ಲಿ. ನಮ್ಮಲ್ಲಿ ಹಿರಿಯರು ಸತ್ತಾಗ ಮನೆಯ ಎಳೆಗೂಸನ್ನು ಪೆಟ್ಟಿಗೆಯ ಮೇಲಿಂದ ಈಚೆಯವರ ಕೈಯಿಂದ ಆಚೆಯವರ ಕೈಗೆ ದಾಟಿಸುತ್ತಾರೆ, ಸತ್ತವರು ಕೂಸಿನ ಬೆನ್ನು ಹತ್ತದಿರಲಿ ಎಂದು, ನನ್ನನ್ನೂ ದಾಟಿಸಿದ್ದರಂತೆ, ನಾನು ಕಿರುಚಿ ಊರು ಒಂದು ಮಾಡಿದ್ದೆನಂತೆ, ಕಾಲೇಜು ಓದಿ ಟೀಚರಾದ ಮೇಲೆ ಅದನ್ನು ನೆನೆದು ನಕ್ಕಿದ್ದೇನೆ, ಈಗ ನಗು ಬರುತ್ತಿಲ್ಲ, ಯಾಕೆಂದರೆ ಡೆಲ್ಫಿ ಎಂದು ಹೆಸರಿಟ್ಟಾಗಿನಿಂದ ಮಗು ನಿದ್ದೆಯಲ್ಲಿ ಬೆಚ್ಚುತ್ತದೆ, ಯಾರೋ ಎತ್ತಿಕೊಂಡ ಹಾಗೆ ಮೈ ಸೆಟೆಯುತ್ತದೆ, ಡಾಕ್ಟರು ಹೊಟ್ಟೆನೋವು ಅಂದರು, ಗಂಡ ವೆಂಡೆಲ್ ಹಲ್ಲು ಬರುತ್ತಿದೆ ಅಂದ, ಅಜ್ಜಿ ಮಾತ್ರ ಗೋಡೆ ನೋಡುತ್ತಾ ಹೇಳಿದಳು, ಅವ್ಳ ಹೆಸ್ರು ಇಟ್ರಿ, ಅವ್ಳು ತನ್ನ ಕೂಸೇ ಅಂದ್ಕೊಂಡು ಬರ್ತಾಳೆ, ಪಾಪ.

ಆ ಡೆಲ್ಫಿ, ಕಲ್ಲಿನ ಮೇಲಿರುವ ಡೆಲ್ಫಿ, ಈ ಕಾಲೇಜಿನ ಅಡುಗೆಮನೆಯಲ್ಲಿದ್ದವಳು, ಗ್ರಂಥಾಲಯಕ್ಕೆ ಛಾವಣಿ ಹೊದಿಸಬೇಕೆಂದು ಅವಳ ಹಾಲುಗೂಸನ್ನು ಮಾರಿದರು, ಉಳಿದ ಒಬ್ಬ ಮಗನ ಸಂತಾನ ನಾವು, ಇಷ್ಟು ಎಲ್ಲರೂ ಹೇಳುತ್ತಾರೆ, ಹೇಗೆ ತೆಗೆದುಕೊಂಡರು ಎಂದು ಯಾರೂ ಹೇಳಿಲ್ಲ, ಕಿತ್ತುಕೊಂಡಿರಬೇಕು, ಅವಳು ಕಚ್ಚಿರಬೇಕು, ಬೂಟುಗಾಲಿನವರು ಇರಬೇಕು, ನಾನು ಹಾಗೆಯೇ ಕಲ್ಪಿಸಿಕೊಂಡು ಬೆಳೆದೆ, ಹಾಗೆ ಕಲ್ಪಿಸಿಕೊಂಡರೆ ಹೊಟ್ಟೆ ಉರಿದರೂ ಒಂಥರಾ ಸಮಾಧಾನ — ಚಪ್ಪಾಳೆ, ಬಟ್ಟೆ ಸರಿಸಿದರು, ಕಪ್ಪು ಕಲ್ಲು, ಸೊಂಟದೆತ್ತರ, ಶವದ ಪೆಟ್ಟಿಗೆಯಷ್ಟೇ ಉದ್ದ, ಬೇಕೆಂದೇ ಹಾಗೆ ಮಾಡಿದರೋ ಏನೋ, ಮನೆತನದವರು ಬಂದು ಹೂವಿಡಬಹುದು ಎನ್ನುತ್ತಿದ್ದಾರೆ, ಅಜ್ಜಿ ಆಗಲೇ ಕೋಲೂರಿ ಎದ್ದಳು, ನಡಿ, ನೀನು ಈಚೆ ನಿಂತ್ಕೋ, ವೆಂಡೆಲ್ ಆಚೆ ಹೋಗ್ಲಿ, ಒಂದ್ಸಲ ಕೈ ಎತ್ತಿದ್ಮೇಲೆ ಮಧ್ಯದಲ್ಲಿ ಹಿಂದಕ್ಕೆ ತರಬೇಡ, ತಂದ್ರೆ ಸತ್ತೋರ ಕೈಗೇ ಕೊಟ್ಟ ಹಾಗೆ. ಕಾಲು ನಡೆಯುತ್ತಿದೆ, ನಾಚಿಕೆಯೂ ಆಗುತ್ತಿದೆ, ಕ್ಯಾಮೆರಾಗಳು ನಮ್ಮ ಕಡೆಯೇ, ಆದರೂ ಮುಗಿಸಿಬಿಡೋಣ, ಇವತ್ತಾದರೂ ಮಗು ಮಲಗಲಿ, ಮಗುವನ್ನು ಎತ್ತಿದೆ, ಕಲ್ಲಿನ ಮೇಲೆ ಚಾಚಿದೆ, ಚಾಚಿದ ಮೇಲೆ ನೋಡುತ್ತೇನೆ, ಆಚೆ ವೆಂಡೆಲ್ ಇಲ್ಲ, ಹಗ್ಗದ ಹತ್ತಿರ ಬ್ಯಾಡ್ಜ್ ಹಾಕಿದ ಹುಡುಗಿ ಅವನನ್ನು ತಡೆದಿದ್ದಾಳೆ, ಆ ಕಡೆ ವೇದಿಕೆಯವರು ಮಾತ್ರ ಸರ್, ಮತ್ತು ನನ್ನ ಗಂಡ, ಪೊಲೀಸರು ಕಾರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಉಸಿರು ಬಿಗಿಹಿಡಿಯುವ ನನ್ನ ಗಂಡ, ಸಾರಿ ಮೇಡಂ ಅಂತ ಹಿಂದೆ ಸರಿದು ನಿಂತಿದ್ದಾನೆ, ವೆಂಡೆಲ್, ನುಗ್ಗೋ ಮಾರಾಯಾ ಒಂದು ಸಲ.

ಆಚೆ ಕಡೆ ಅಧ್ಯಕ್ಷೆ ಒಬ್ಬಳೇ, ನೋಡಿದಳು, ಭಾಷಣದ ಹಾಳೆ ಕೆಳಗಿಟ್ಟಳು, ಕಣ್ಣು ಒದ್ದೆಯಾಗಿದೆ, ಸುಳ್ಳಲ್ಲ, ನಿಜವಾಗಿಯೂ ಒದ್ದೆಯಾಗಿದೆ, ಎರಡೂ ಕೈ ಚಾಚಿದಳು, ಕೊಡಿ ಅಮ್ಮಾ, ನಾನು ಹಿಡ್ಕೋತೀನಿ. ಬಿಳಿಯ ಕೈ, ಅಂಗೈ ಮೇಲಾಗಿ, ಉಗುರಿಗೆ ತಿಳಿಗೆಂಪು, ನಡುಗುತ್ತಲೂ ಇಲ್ಲ — ಹಿಂದಿನಿಂದ ಅಜ್ಜಿಯ ಮೊಣಕೈ, ಅವಳ ಕಣ್ಣಿಗೆ ಪೊರೆ, ನೆರಳಷ್ಟೇ ಕಾಣುತ್ತದೆ, ಯಾರೋ ಕೈ ಚಾಚಿದಾರಲ್ಲ, ಇನ್ನೇನು ನೋಡ್ತೀಯ, ಕೊಡೇ. ಯಾರ ಕೈ ಅಂತ ಹೇಳಲೇ, ಹೇಳಿದರೆ ಈ ಮುದುಕಿಯ ಎದೆ ಒಡೆಯುತ್ತದೆ, ಹಿಂದಕ್ಕೆ ತಂದರೆ ಮಗುವನ್ನು ಸತ್ತ ಡೆಲ್ಫಿಗೇ ಕೊಟ್ಟ ಹಾಗೆ, ಮುಂದಕ್ಕೆ ಕೊಟ್ಟರೆ — ಅವತ್ತು ಅವಳಿಂದ ಕಿತ್ತುಕೊಂಡಿರಲಿಕ್ಕಿಲ್ಲ, ಬೂಟುಗಾಲಿನವರು ಇದ್ದಿರಲಿಕ್ಕಿಲ್ಲ, ಹೀಗೇ ಆಗಿರಬೇಕು, ಹಗಲು ಹೊತ್ತು, ಎಲ್ಲರೆದುರು, ಮೆತ್ತಗೆ ಕೇಳಿರಬೇಕು, ಕೇಳಿ ಕೈ ಚಾಚಿರಬೇಕು, ಡೆಲ್ಫೀ, ನೀನು ಏನು ಮಾಡಿದೆ, ನಿನ್ನ ಬೆರಳು ತಾನಾಗೇ ಬಿಚ್ಚಿತೇ, ತೋಳು ಸೋಲುತ್ತಿದೆ, ಮಗು ಕಾಲು ಬಡಿಯುತ್ತಿದೆ, ಅಳುತ್ತಿಲ್ಲ, ಅಧ್ಯಕ್ಷೆಯನ್ನು ನೋಡಿ ನಗುತ್ತಿದೆ, ಅವಳ ಕಡೆಗೇ ಬಾಗುತ್ತಿದೆ, ನನ್ನ ಬೆರಳು ಬಿಚ್ಚುತ್ತಿಲ್ಲ, ಮಗುವಿನ ಕಾಲ ಕೆಳಗೆ ಆ ಎರಡು ಕೈ, ತೆರೆದು, ಕಾಯುತ್ತಾ, ಆ ಎರಡು ಕೈ